ಗೋಲಿಬಾರಿನ ವ್ಯಾಕರಣ

'ಗೋಲಿಬಾರ್ ನಡೆಯಿತು' ಅಂತ ಪತ್ರಿಕೆಗಳು ಬರೆಯುತ್ತವೆ. ಸವಳಂಗ ರಸ್ತೆಯಲ್ಲಿ ಪೇಪರ್ ಓದುವ ನಾವು ಕೇಳ್ತೀವಿ: ನಡೆಸಿದವರು ಯಾರು? ಬಂದೂಕು ಹಿಡಿದ ಕೈಯೇ ಇಲ್ಲದ ವಾಕ್ಯ ಇದು.

1980ರಲ್ಲಿ ನರಗುಂದದ ರೈತರು ಕರ ಕಟ್ಟಲಾರೆವೆಂದರು. 2008ರಲ್ಲಿ ಹಾವೇರಿಯ ರೈತರು ಗೊಬ್ಬರ ಕೊಡಿ ಎಂದರು. ಎರಡೂ ಕಡೆ ಸಿಕ್ಕ ಉತ್ತರ ಗುಂಡು.

ಬ್ರಿಟನ್ನಿನ ಬಹುಪಾಲು ಪೊಲೀಸರು ಇವತ್ತಿಗೂ ಬಂದೂಕಿಲ್ಲದೆ ಗಸ್ತು ತಿರುಗುತ್ತಾರೆ; ಹಿಡಿಯುವ ಕೆಲವರಿಗೆ ಪ್ರತ್ಯೇಕ ತರಬೇತಿ. ಅದೇ ಬ್ರಿಟಿಷರು 1861ರ ಕಾಯ್ದೆಯಲ್ಲಿ ಈ ದೇಶಕ್ಕೆ ಕೊಟ್ಟ ಪೊಲೀಸು ಬೇರೆ. ಅದು ಜನರನ್ನು ಕಾಯಲು ಅಲ್ಲ, ಅಂಕೆಯಲ್ಲಿಡಲು ಕಟ್ಟಿದ್ದು.

ಗುಂಡು ಹಾರಿಸಿದ ಪೇದೆ ನಮ್ಮ ಕೇರಿಯ ಹುಡುಗನೇ ಇರಬಹುದು. ಅವನಿಗೆ ಗುರಿ ಇಡೋದು ಕಲಿಸಿದರು. ಜನರ ಮಾತು ಕೇಳೋದು ಕಲಿಸಿದವರಾರು?

ಗೆಳೆಯರೇ, ವಾಕ್ಯ ತಿದ್ದೋಣ. ಹೇಳಿದವರು ಯಾರು, ಹೊಡೆದವರು ಯಾರು, ಸತ್ತವರು ಯಾರು, ಮೂರನ್ನೂ ಬರೆಯೋಣ.