ಹಲ್ ಹೌಸ್: ಉಳಿದ ಮನೆ, ಅಳಿದ ಕೇರಿ

ಶಿಕಾಗೋದಲ್ಲಿ ಚಾರ್ಲ್ಸ್ ಹಲ್ 1856ರಲ್ಲಿ ಕಟ್ಟಿಸಿದ ಮನೆಯನ್ನು ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ 1889ರಲ್ಲಿ ವಲಸಿಗರ ಸಮುದಾಯ ಕೇಂದ್ರವಾಗಿಸಿದರು. 1891ರಲ್ಲಿ ಅದಕ್ಕೆ ಕಲಾ ಗ್ಯಾಲರಿ ಸೇರಿತು. ಜಾನಪದ ಅಧ್ಯಯನದ ದೃಷ್ಟಿಯಿಂದ ಇಲ್ಲಿ 1900ರಲ್ಲಿ ಆರಂಭವಾದ ಶ್ರಮ ವಸ್ತುಸಂಗ್ರಹಾಲಯ ಗಮನಾರ್ಹವಾದುದು. ಅಲ್ಲಿ ಕದಿರು, ರಾಟೆಗಳೊಂದಿಗೆ ನೂಲುವ ವಲಸಿಗ ತಾಯಂದಿರೂ ಇದ್ದರು. ಅಮೆರಿಕದಲ್ಲಿ ಬೆಳೆದ ಮಕ್ಕಳು ತಾಯಂದಿರ ಕಸುಬನ್ನು ಗೌರವಿಸಬೇಕೆಂಬುದು ಆಡಮ್ಸ್ ಅವರ ಆಶಯ.

ಆದರೆ ಕದಿರಿನಿಂದ ಯಂತ್ರದವರೆಗಿನ ವಿಕಾಸಕ್ರಮದ ಜೋಡಣೆಯು ಜೀವಂತ ಕೌಶಲವನ್ನು ಗತಕಾಲದ ಒಂದು ಹಂತವೆಂದು ಕಾಣಿಸಿತು. ಗೌರವಿಸುತ್ತಲೇ ಹಿಂದಕ್ಕೆ ಸರಿಸುವ ಈ ವೈರುಧ್ಯವನ್ನು ವಿಮರ್ಶೆ ಮರೆಯಲಾಗದು.

1960ರ ದಶಕದಲ್ಲಿ ವಿಶ್ವವಿದ್ಯಾಲಯದ ಆವರಣಕ್ಕಾಗಿ ಸಮುಚ್ಚಯದ ಬಹುಪಾಲು ಕಟ್ಟಡಗಳನ್ನು ಕೆಡವಲಾಯಿತು. ಮೂಲ ಮನೆ, ಭೋಜನಶಾಲೆಗಳಷ್ಟೇ ಉಳಿದವು. ನೆರೆಯ ಕೇರಿ ಚದುರಿತು. ನೂಲುವವರ ಕೇರಿಯಿಲ್ಲದ ಕಲಾಕೇಂದ್ರ ಸ್ಮಾರಕ ಮಾತ್ರ.