ಪದ್ಮಿನಿಯ ಹೆಸರು ಕಿತ್ತವರು

ಮೊನ್ನೆ ಬೆಂಗಳೂರಲ್ಲಿ ಹಳೇ ಕಾರುಗಳ ಒಂದು ಪ್ರದರ್ಶನಕ್ಕೆ ಹೋಗಿದ್ದೆ. ಬಿಸಿಲಿಗೆ ಕಣ್ಣು ಕುಕ್ಕುವಷ್ಟು ಕ್ರೋಮ್. ಒಂದು ಕಡುಗೆಂಪು ಕಾರಿನ ಮುಂದೆ ಜನ ಸೆಲ್ಫಿಗೆ ಮುಗಿಬಿದ್ದಿದ್ರು. ವೈಪರಿಗೆ ಸಿಕ್ಕಿಸಿದ ಬೋರ್ಡಿನಲ್ಲಿ ‘1978, ಸಂಪೂರ್ಣ ಒರಿಜಿನಲ್’ ಅಂತ ಬರೆದಿತ್ತು. ಹಿಂದಕ್ಕೆ ಹೋಗಿ ನೋಡಿದ್ರೆ ಡಿಕ್ಕಿಯ ಮೇಲೆ ‘ಫಿಯೆಟ್’!

ಇದರಲ್ಲೇನು ತಪ್ಪು ಅಂತೀರಾ? ಮನೆಯಲ್ಲಿ ಎಲ್ಲರೂ ಅದನ್ನು ಫಿಯೆಟ್ ಅಂತಾನೇ ಕರೀತಿದ್ರು, ನಿಜ. ಆದರೆ ಕಾರಿನ ಹೆಸರು ಅದಲ್ಲ. ಕುರ್ಲಾದ ಪ್ರೀಮಿಯರ್ ಫ್ಯಾಕ್ಟರಿಯಲ್ಲಿ 1964ರಿಂದ ತಯಾರಾಗುತ್ತಿದ್ದ ಫಿಯೆಟ್ 1100 ಡಿಲೈಟ್, ಎಪ್ಪತ್ತರ ದಶಕದ ಶುರುವಿನಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಆಯ್ತು, 1974ರಲ್ಲಿ ಪ್ರೀಮಿಯರ್ ಪದ್ಮಿನಿ ಆಯ್ತು. ಅದೇ 1089 ಸಿಸಿ ಎಂಜಿನ್, ಹೆಚ್ಚುಕಮ್ಮಿ ಅದೇ ಬಾಡಿ. ಬದಲಾಗಿದ್ದು ಮುಖ್ಯವಾಗಿ ಹೆಸರು ಮತ್ತು ಟ್ರಿಮ್ಮು. ಅಂದ್ರೆ ಒಂದು ಇಟಾಲಿಯನ್ ಕಾರು ಯಾವಾಗ ನಮ್ಮದಾಯ್ತು ಅನ್ನೋದಕ್ಕೆ ಆ ಕಾರಿನ ಮೈಮೇಲೇ ಇರುವ ಸಾಕ್ಷಿ ಆ ಅಂಗೈಯಷ್ಟಗಲದ ಮೋನೋಗ್ರಾಮ್. ಅದನ್ನು ಕಿತ್ತು, ಪಿನ್ನು ಕೂರುತ್ತಿದ್ದ ತೂತುಗಳಿಗೆ ಪುಟ್ಟಿ ಬಳಿದು, ಇಟಲಿಯಿಂದ ತರಿಸಿದ ಬ್ಯಾಡ್ಜ್ ಅಂಟಿಸಿ ‘ಒರಿಜಿನಲ್’ ಅಂತ ಬೋರ್ಡು ಹಾಕೋದು ನನ್ನ ಪ್ರಕಾರ ರೀಸ್ಟೋರೇಶನ್ ಅಲ್ಲ. ಅದು ಮೇಕಪ್. ಸ್ವಲ್ಪ ಕೀಳರಿಮೆಯೂ ಸೇರಿದ ಮೇಕಪ್.

ಹಳೇ ಕಾರಿನ ಹುಚ್ಚಿಗೆ ಬಿದ್ದವರಿಗೆಲ್ಲ ಗೊತ್ತು, ಪದ್ಮಿನಿಯ ಎಂಜಿನ್ ಪಾರ್ಟು ಹೇಗೋ ಸಿಗುತ್ತೆ. ಮುಂಬೈನ ಕಾಲಿ-ಪೀಲಿ ಪದ್ಮಿನಿ ಟ್ಯಾಕ್ಸಿಗಳು 2023ರವರೆಗೂ ಓಡಿದವು, ಆ ದೆಸೆಯಿಂದ ಸ್ಪೇರು ಬದುಕಿತ್ತು. ಬೀಡಿಂಗ್, ವೀಲ್ ಕ್ಯಾಪ್, ಮೋನೋಗ್ರಾಮ್ ಹಾಗಲ್ಲ. ಬಿದ್ದರೂ ಕಾರು ಓಡುತ್ತಲ್ಲ, ಹಾಗಾಗಿ ಬಿದ್ದದ್ದನ್ನು ಯಾರೂ ಎತ್ತಿಡಲಿಲ್ಲ. ಜೆ.ಸಿ. ರೋಡಿನ ಅಂಗಡಿಗಳಲ್ಲಿ ಕೇಳಿದರೆ ಹೊಸದಾಗಿ ಮಾಡಿದ್ದನ್ನು ತೋರಿಸ್ತಾರೆ. ಹಳೇದು ಬೇಕು ಅಂದ್ರೆ ಶಿವಾಜಿನಗರದ ಗುಜರಿಗೆ ಹೋಗಿ ಡಬ್ಬ ಕೆದಕಬೇಕು.

ಸಿಕ್ಕಿದ ಮೇಲೆ ಅದನ್ನು ಹಾಳು ಮಾಡದೆ ಉಳಿಸೋದು ಇನ್ನೊಂದು ಕಥೆ. ಎಲ್ಲ ‘ಕ್ರೋಮ್’ ಒಂದೇ ಅಲ್ಲ. ಸ್ಟೀಲ್ ಬೀಡಿಂಗ್ ಆದ್ರೆ ಬಚಾವ್, ನಗ್ಗಿದ್ದನ್ನು ಒಳಗಿನಿಂದ ಮೆಲ್ಲಗೆ ತಟ್ಟಿ ಪಾಲಿಶ್ ಮಾಡಿದ್ರೆ ಮರಳಿ ಬರುತ್ತೆ. ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಆದ್ರೆ ಎಷ್ಟು ಉಜ್ಜಿದರೂ ಮಂಕು ಹೋಗಲ್ಲ. ಮೇಲಿನ ಪದರವನ್ನು ಕಾಸ್ಟಿಕ್ ಸೋಡಾದಲ್ಲಿ ತೆಗೆದು, ಪಾಲಿಶ್ ಮಾಡಿ, ಮತ್ತೆ ಆನೊಡೈಸ್ ಮಾಡಿಸಬೇಕು. ಸತಾಯಿಸೋದು ಸತುವಿನ ಎರಕದ ಸಾಮಾನು. ಕ್ರೋಮಿನ ಕೆಳಗೆ ಸತು ಕೊಳೆತು ಗುಳ್ಳೆ ಏಳುತ್ತೆ. ಗುಳ್ಳೆ ಕೆರೆದರೆ ಗುಳಿ. ಗುಳಿಗೆ ತಾಮ್ರ ತುಂಬಿ, ಉಜ್ಜಿ, ನಿಕಲ್ ಹಾಕಿ, ಕೊನೆಗೆ ಕೂದಲೆಳೆಗಿಂತ ತೆಳುವಾದ ಕ್ರೋಮ್. ಉಜ್ಜುವವನಿಗೆ ಅವಸರ ಇದ್ರೆ ಮುಗೀತು.

ನನ್ನದೇ ಉದಾಹರಣೆ ಇದೆ. ದೊಡ್ಡಪ್ಪನ ಪದ್ಮಿನಿಯ ಡಿಕ್ಕಿ ಹಿಡಿಕೆಯನ್ನು ಒಬ್ಬ ಪ್ಲೇಟಿಂಗ್‌ನವರಿಗೆ ಕೊಟ್ಟು, ‘ಕನ್ನಡಿ ಥರ ಹೊಳೀಬೇಕು ಅಣ್ಣಾ’ ಅಂದಿದ್ದೆ. ಹೊಳೀತು. ಆದರೆ ಅದರ ಅಂಚು, ಏಣು ಎಲ್ಲ ಬಫಿಂಗ್ ಚಕ್ರಕ್ಕೆ ಹೋಗಿ, ಚೀಪಿಟ್ಟ ಪೆಪ್ಪರ್‌ಮಿಂಟಿನ ಹಾಗೆ ವಾಪಸ್ ಬಂತು. ಅವರನ್ನು ಬೈಯಲಾರೆ, ಕೇಳಿದ್ದನ್ನೇ ಮಾಡಿಕೊಟ್ಟಿದ್ದರು. ದೊಡ್ಡಪ್ಪ ಕೈಯಲ್ಲಿ ಸವರಿ ನೋಡಿ, ‘ಚೆನ್ನಾಗಿದೆ ಕಣೋ, ಆದ್ರೆ ಇದು ನಮ್ದಲ್ಲ ಅನ್ಸತ್ತೆ’ ಅಂದ್ರು. ಇಪ್ಪತ್ತೈದು ವರ್ಷ ದಿನಾ ಹಿಡಿದ ಕೈ ಅದು.

ಅದೇ ಪ್ರದರ್ಶನದ ಮೂಲೆಯಲ್ಲಿ ಇನ್ನೊಂದು ಪದ್ಮಿನಿ ಇತ್ತು, ಬಿಳಿ ಬಣ್ಣದ್ದು. ಒಬ್ಬರೂ ಸೆಲ್ಫಿ ತೆಗೀತಿರಲಿಲ್ಲ. ಬಲಗಡೆ ಬೀಡಿಂಗ್ ಮಂಕು, ಎಡಗಡೆದು ಫಳಫಳ. ಯಾಕೆ ಅಂತ ಕೇಳಿದೆ. ಓನರ್, ರಿಟೈರ್ ಆದವರು, ‘ಈ ಕಡೆದು ಕಾರ್ ಜೊತೆ ಬಂದಿದ್ದು ಸಾರ್. ಆ ಕಡೆದು ಕಳ್ದೋಗಿತ್ತು, ನಾನ್ ಮಾಡಿಸ್ದೆ. ಒಳಗಡೆ ಇಸವಿ ಕೆತ್ತಿಸಿದೀನಿ, ಮುಂದೆ ತಗೊಳ್ಳೋರಿಗೆ ಮೋಸ ಆಗ್ಬಾರ್ದಲ್ಲ’ ಅಂದ್ರು. ಹಳೇ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಫಿವಾದ ಟ್ಯೂರಿನ್ ಚಾರ್ಟರ್ ಹೇಳೋದೂ ಇಂಥದ್ದೇ: ಆದಷ್ಟು ಹಳೇದನ್ನು ಉಳಿಸಿ, ಹೊಸದು ಹಾಕಿದ್ರೆ ಗುರುತು ಬಿಡಿ. ಆ ಯಜಮಾನರು ಚಾರ್ಟರ್ ಓದಿರಲಿಕ್ಕಿಲ್ಲ. ಇಡೀ ಪ್ರದರ್ಶನದಲ್ಲಿ ನನಗೆ ಕೆಲಸ ಅನ್ನಿಸಿದ್ದು ಅದೊಂದೇ.

ಇದು ಬರೀ ರುಚಿಯ ಜಗಳವೂ ಅಲ್ಲ. ಕೇಂದ್ರದ 2021ರ ನಿಯಮದ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ಕಾರು, ಬೈಕಿಗೆ ವಿಂಟೇಜ್ ನೋಂದಣಿ ಸಿಗುತ್ತೆ, ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತೆ. ಮೊದಮೊದಲ ಪದ್ಮಿನಿಗಳು ಈಗ ಆ ವಯಸ್ಸು ದಾಟಿವೆ. ನಿಯಮ ಎಂಜಿನ್ನು, ಚಾಸಿ, ಬಾಡಿ ಕಡೆ ನೋಡುತ್ತೆ, ಮೋನೋಗ್ರಾಮ್ ಕಡೆ ಯಾರು ನೋಡ್ತಾರೆ? ನೋಡಬೇಕಾದವರು ನಾವೇ, ನಾವು ನೋಡಿದ್ರೆ ಸೆಲ್ಫಿ ತೆಗೀತಿದ್ವಿ.

ಕೆಂಪು ಕಾರಿನ ಹುಡುಗನನ್ನು ಮಾತಾಡಿಸಿದೆ. ನನ್ನ ಹಾಗೇ ಐಟಿ, ಒಳ್ಳೇ ಹುಡುಗ, ಎರಡು ವರ್ಷದ ಬೋನಸ್ ಸುರಿದಿದ್ದಾನೆ. ‘ಪದ್ಮಿನಿ ಬ್ಯಾಡ್ಜ್ ಏನ್ಮಾಡಿದ್ರಿ?’ ಅಂದೆ. ‘ಗ್ಯಾರೇಜಲ್ಲೇ ಬಿಟ್ಟೆ ಬ್ರೋ, ಫಿಯೆಟ್ ಅಂದ್ರೇನೇ ಒಂದು ಕ್ಲಾಸ್ ಅಲ್ವಾ’ ಅಂದ.

ಮುಂದಿನ ಭಾನುವಾರ ದೊಡ್ಡಪ್ಪನ ಕಾರಿಗೆ ಹಿಡಿಕೆ ಹುಡುಕಿಕೊಂಡು ಶಿವಾಜಿನಗರಕ್ಕೆ ಹೋದೆ. ಹಿಡಿಕೆ ಸಿಗಲಿಲ್ಲ. ಗುಜರಿಯವರು ಒಂದು ತಗಡಿನ ಡಬ್ಬವನ್ನು ಗೋಣಿಯ ಮೇಲೆ ಸುರಿದು, ಮೋನೋಗ್ರಾಮ್‌ಗಳನ್ನು ಎರಡು ಗುಡ್ಡೆ ಮಾಡಿದ್ರು. ‘ಫಿಯೆಟ್ದು ಆದ್ರೆ ರೇಟ್ ಜಾಸ್ತಿ ಸಾರ್. ಪದ್ಮಿನಿದು ಯಾರೂ ಕೇಳಲ್ಲ, ನೀವೇ ಏನೋ ಒಂದು ಕೊಟ್ಟು ತಗೊಂಡೋಗಿ’ ಅಂದ್ರು.