ಸೈಪ್ರಸ್ಸಿನ ಮೃತ್ಪಾತ್ರೆಗಳು: ‘ಪ್ರಭಾವ’ವೆಂಬ ಪರಿಕಲ್ಪನೆಯ ಮಿತಿ

ಪೂರ್ವ ಮೆಡಿಟರೇನಿಯನ್ನಿನ ಸೈಪ್ರಸ್ ದ್ವೀಪವು ಪ್ರಾಚೀನ ಕಾಲದಿಂದಲೂ ತಾಮ್ರಕ್ಕೆ ಹೆಸರಾದುದು. ಈಜಿಪ್ಟ್, ಸಿರಿಯಾ, ಅನಟೋಲಿಯಾ ಮತ್ತು ಗ್ರೀಸ್‌ಗಳ ಸಮುದ್ರಮಾರ್ಗಗಳು ಕೂಡುವೆಡೆಯಲ್ಲಿರುವ ಈ ದ್ವೀಪದ ಕುಂಭಕಲೆಯನ್ನು ಹಲವು ವಿದ್ವಾಂಸರು ಹೊರಗಿನ ‘ಪ್ರಭಾವ’ಗಳ ಫಲವೆಂದು ವಿವರಿಸುತ್ತ ಬಂದರು. ಈ ಪದವು ಕೊಡುವವನನ್ನು ಕರ್ತೃವನ್ನಾಗಿಯೂ ಪಡೆಯುವವನನ್ನು ನಿಷ್ಕ್ರಿಯನನ್ನಾಗಿಯೂ ಕಾಣುತ್ತದೆ. ಮಡಕೆಗಳು ನುಡಿಯುವ ಸಾಕ್ಷ್ಯವಾದರೋ ಭಿನ್ನವಾಗಿದೆ.

ಕ್ರಿ.ಪೂ. 14 ಮತ್ತು 13ನೆಯ ಶತಮಾನಗಳಿಗೆ ಸೇರಿದ, ರಥಗಳ ಚಿತ್ರವುಳ್ಳ ದೊಡ್ಡ ಬಾನಿಗಳು ಇದಕ್ಕೆ ಮುಖ್ಯ ನಿದರ್ಶನ. ದ್ರಾಕ್ಷಾಮದ್ಯವನ್ನು ನೀರಿನೊಡನೆ ಬೆರೆಸಲು ಬಳಸುತ್ತಿದ್ದ ಇವುಗಳ ಶೈಲಿ ಗ್ರೀಸ್‌ನ ಮೈಸೀನಿ ಸಂಸ್ಕೃತಿಯದು. ಆದರೆ ಇವು ಹೆಚ್ಚಾಗಿ ದೊರೆತಿರುವುದು ಎಂಕೋಮಿಯೇ ಮೊದಲಾದ ಸೈಪ್ರಸ್ಸಿನ ನೆಲೆಗಳ ಸಮಾಧಿಗಳಲ್ಲಿ. ಆದಕಾರಣ ಇವು ದ್ವೀಪದಲ್ಲಿಯೇ ತಯಾರಾದವೆಂಬ ವಾದ ಹುಟ್ಟಿತು. 1960ರ ದಶಕದಿಂದ ನಡೆದ ರಾಸಾಯನಿಕ ವಿಶ್ಲೇಷಣೆಗಳು ಇವುಗಳ ಜೇಡಿಮಣ್ಣು ಪೆಲೊಪೊನೀಸ್‌ನದೆಂದು ತೋರಿಸಿದವು. ಮೈಸೀನಿಯ ಸಮೀಪದ ಬೆರ್ಬಾಟಿಯಲ್ಲಿ ಕುಂಬಾರರ ಆವೆಯೂ ಇದೇ ಬಗೆಯ ಬೋಕಿಗಳೂ ದೊರೆತಿವೆ. ಹೀಗೆ ಮಣ್ಣು ಗ್ರೀಸಿನದು, ಕೈ ಗ್ರೀಸಿನದು, ಅಪೇಕ್ಷೆ ಮಾತ್ರ ಸೈಪ್ರಸ್ಸಿನದು. ಕಡಲಾಚೆಯ ಕುಂಬಾರನ ಕೆಲಸವನ್ನು ದ್ವೀಪದ ಅಭಿರುಚಿ ರೂಪಿಸಿತೆಂದರೆ, ಇಲ್ಲಿ ಯಾರ ಪ್ರಭಾವ ಯಾರ ಮೇಲೆ? 13ನೆಯ ಶತಮಾನದ ಕೊನೆಯ ವೇಳೆಗೆ ದ್ವೀಪದ ಕುಂಬಾರರೇ ಗೂಳಿ, ಆಡುಗಳನ್ನು ಚಿತ್ರಿಸಿ ಇಂತಹ ಬಾನಿಗಳನ್ನು ಮಾಡತೊಡಗಿದರು.

ವಿನಿಮಯದ ಮತ್ತೊಂದು ದಿಕ್ಕನ್ನು ಉಂಗುರಪೀಠದ ಪುಟ್ಟ ಹೂಜಿಗಳು ಸೂಚಿಸುತ್ತವೆ. ತಿಗರಿಯಿಲ್ಲದೆ ಕೈಯಿಂದಲೇ ರೂಪಿಸಿದ, ಲೋಹಪಾತ್ರೆಗಳನ್ನು ನೆನಪಿಸುವ ಈ ತೆಳುವಾದ ಹೂಜಿಗಳು ಈಜಿಪ್ಟಿಗೆ ರಫ್ತಾಗುತ್ತಿದ್ದವು. ಇವುಗಳ ಆಕಾರ ತಲೆಕೆಳಗಾದ ಗಸಗಸೆಯ ಕಾಯಿಯಂತಿರುವುದರಿಂದ ಇವು ಅಫೀಮನ್ನು ಸಾಗಿಸಿದುವೆಂದು ರಾಬರ್ಟ್ ಮೆರಿಲೀಸ್ 1962ರಲ್ಲಿ ಊಹಿಸಿದರು. ಬ್ರಿಟಿಷ್ ಮ್ಯೂಸಿಯಂನ ಒಂದು ಹೂಜಿಯಲ್ಲಿ ಸಸ್ಯತೈಲದೊಡನೆ ಅಫೀಮಿನ ಅಂಶಗಳಿರುವುದು 2018ರಲ್ಲಿ ವರದಿಯಾಯಿತು. ಒಂದು ಹೂಜಿಯ ಸಾಕ್ಷ್ಯವನ್ನು ಎಲ್ಲ ಹೂಜಿಗಳಿಗೂ ವಿಸ್ತರಿಸುವುದು ತರವಲ್ಲ. ತುರ್ಕಿಯ ಉಲುಬುರುನ್ ಬಳಿ ಮುಳುಗಿದ, 1984ರಿಂದ 1994ರವರೆಗೆ ಉತ್ಖನನಗೊಂಡ ಹಡಗಿನಲ್ಲಿ ಸೈಪ್ರಸ್ಸಿನ ಪಾತ್ರೆಗಳು ಗುಡಾಣದೊಳಗೆ ಜೋಡಿಸಿಟ್ಟಂತೆ ದೊರೆತವು. ಇಲ್ಲಿ ಒಳಗಿನ ವಸ್ತುವಲ್ಲದೆ ಪಾತ್ರೆಯೇ ಸರಕು.

ಈ ವಾದಕ್ಕೂ ಎಲ್ಲೆಯುಂಟು. ರಥದ ಬಾನಿಗಳು ಬಹುಪಾಲು ಸಮಾಧಿಗಳಿಂದ ಬಂದವು. ಉಳ್ಳವರ ಅಭಿರುಚಿಯನ್ನು ಇಡೀ ದ್ವೀಪದ ಅಭಿರುಚಿಯೆಂದು ಗ್ರಹಿಸಲಾಗದು. ಆದರೂ ಒಂದು ಮಾತು ಸ್ಪಷ್ಟ. ಮಣ್ಣು, ರೂಪ ಮತ್ತು ಬಳಕೆ ಈ ಮೂರನ್ನೂ ಬೇರೆಬೇರೆಯಾಗಿ ಪರಿಶೀಲಿಸದೆ, ಶೈಲಿಯೊಂದರಿಂದಲೇ ಸಾಂಸ್ಕೃತಿಕ ಸಂಬಂಧದ ದಿಕ್ಕನ್ನು ನಿರ್ಧರಿಸುವುದು ಸಾಧುವಲ್ಲ.